ಉಡಿ ತುಂಬುವ ತನಕ

ಬಂದವರನ್ನು ಕೂರುವ ಮೊದಲೇ ಎಬ್ಬಿಸಿ ಕಳಿಸುವ ಸ್ಪರ್ಧೆಯೊಂದನ್ನು ಯಾರಾದರೂ ಏರ್ಪಡಿಸಿದ್ದರೆ ನಮ್ಮವ್ವನಿಗೆ ಮೊದಲ ಬಹುಮಾನ ಬರುತ್ತಿತ್ತು. ಎರಡನೆಯ ಬಹುಮಾನಕ್ಕೆ ಯಾರೂ ಸಿಗುತ್ತಿರಲಿಲ್ಲ. ಏಕೆಂದರೆ ಉಳಿದ ಸ್ಪರ್ಧಿಗಳನ್ನೆಲ್ಲ ಅವಳು "ಹೊತ್ತಾತು, ಹೋಗ್ರಿ" ಎಂದು ಆಗಲೇ ಮನೆಗೆ ಕಳಿಸಿಬಿಟ್ಟಿರುತ್ತಿದ್ದಳು!

ನಾನು ಹೆಚ್ಚು ಮಾಡಿ ಹೇಳುತ್ತಿಲ್ಲ. ಸ್ವಲ್ಪ ಹೆಚ್ಚು ಮಾಡಿದ್ದೇನೆ ಅನ್ನಿ. ಅವ್ವ ತೀರಿಕೊಂಡು ಮೂರು ತಿಂಗಳಾಯಿತು. ಈಗ ಅವಳ ಬಗ್ಗೆ ಒಂದಕ್ಕೆರಡು ಸೇರಿಸಿ ಹೇಳಿದರೆ "ಸುಳ್ಳ ಹೇಳಬ್ಯಾಡ" ಎಂದು ಗದರಿಸುವವರಿಲ್ಲ. ಆ ಸ್ವಾತಂತ್ರ್ಯ ನನಗೆ ಬೇಕಿರಲಿಲ್ಲ, ಆದರೂ ಸಿಕ್ಕಿದೆ.

ಕೊನೆಯ ಒಂದೂವರೆ ವರ್ಷ ಅವಳು ಹಾನಗಲ್ಲಿನ ಒಂದು ವೃದ್ಧರ ಮನೆಯಲ್ಲಿದ್ದಳು. ಹಾಸಿಗೆ ಹಿಡಿದವರನ್ನೂ ನೋಡಿಕೊಳ್ಳುವ ಮನೆ ಅದು. ನಾನಿರುವುದು ಚಿಕ್ಕೇರೂರಿನಲ್ಲಿ. ಪ್ರತಿ ಬುಧವಾರ ಬೆಳಿಗ್ಗೆ ಬಸ್ಸು ಹತ್ತಿ, ತಿಳವಳ್ಳಿ ದಾಟಿ, ಹನ್ನೊಂದಕ್ಕೆ ಆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಂದು ಚಪ್ಪಲಿ ಬಿಟ್ಟಿರುತ್ತಿದ್ದೆ, ಇನ್ನೊಂದು ಕಾಲಲ್ಲೇ ಇರುತ್ತಿತ್ತು, ಅಷ್ಟರಲ್ಲಿ ಒಳಗಿನಿಂದ ಕೂಗು:

"ಬಂದ್ಯಾ? ಬಸ್ಸಿನ ಹೊತ್ತಾತ ನೋಡು!"

ನನ್ನ ವಾಪಸು ಬಸ್ಸು ಇದ್ದದ್ದು ಸಂಜೆ ನಾಲ್ಕೂವರೆಗೆ.

"ಯವ್ವಾ, ಈಗ ಬಂದೇನಬೇ."

"ಈಗ ಬಂದ್ರೇನಾತು? ಬಂದಾಕಿ ಹೋಗಬೇಕಲ್ಲ?"

ನಾನು ಎರಡನೆಯ ಚಪ್ಪಲಿ ಬಿಡುತ್ತಿದ್ದೆ.

ಹೊತ್ತಿನ ವಿಷಯದಲ್ಲಿ ಅವಳ ಲೆಕ್ಕವೇ ಬೇರೆ. ನಮ್ಮಪ್ಪ ಯಲವಿಗಿ ಸ್ಟೇಷನ್ನಿನ ಆಸುಪಾಸು ರೈಲು ಹಳಿ ರಿಪೇರಿ ಮಾಡುವ ಗ್ಯಾಂಗ್‌ಮನ್ ಆಗಿದ್ದ. ನಮ್ಮ ಮನೆಯಲ್ಲಿ ಗಡಿಯಾರ ಇತ್ತು, ಆದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. ಅಕ್ಕಿ ಒಲೆಗೆ ಏರುವುದು, ಎಮ್ಮೆ ಹಿಂಡುವುದು, ನನಗೆ ಬೈಗುಳ ಬೀಳುವುದು ಎಲ್ಲವೂ ಗಾಡಿಯ ಟೈಮಿಗೆ. ಹಾನಗಲ್ಲಿಗೆ ರೈಲೇ ಇಲ್ಲ. ಅವ್ವನಿಗೆ ಅದೇನೂ ಅಡ್ಡಿಯಾಗಲಿಲ್ಲ. ಮಂಚದ ಮೇಲೆ ಮಲಗಿ ಗೋಡೆ ನೋಡುತ್ತ, "ಹನ್ನೆರಡರ ಪ್ಯಾಸೆಂಜರ್ ಹೋತು, ಇನ್ನೂ ಊಟ ಬರಲಿಲ್ಲಲ್ಲ" ಎನ್ನುತ್ತಿದ್ದಳು. ಮೊದಮೊದಲು ಪಕ್ಕದ ಮಂಚದವರು "ಎಲ್ಲಿ ಹೋತವಾ ಗಾಡಿ?" ಎಂದು ಕೇಳುತ್ತಿದ್ದರು. "ನಿಮ್ಮ ಕಿವಿ ಕೆಟ್ಟಾವ" ಎಂದು ಅವ್ವ ಮುಖ ತಿರುಗಿಸುತ್ತಿದ್ದಳು. ಎರಡು ತಿಂಗಳಲ್ಲಿ ಏನಾಯಿತು ಅಂತೀರಿ? ಹೆಂಗಸರ ಹಾಲ್‌ನಲ್ಲಿದ್ದ ಒಂಬತ್ತೂ ಮುದುಕಿಯರು ಇಲ್ಲದ ಗಾಡಿಯ ಟೈಮಿಗೆ ಉಣ್ಣತೊಡಗಿದರು! ಅಡುಗೆಯವನು ತಡ ಮಾಡಿದರೆ ಮೂಲೆಯ ಮಂಚದ ಅಜ್ಜಿ, "ಇವತ್ತ ಗಾಡಿ ಲೇಟ್ ಐತೇನವಾ?" ಎಂದು ಅವ್ವನನ್ನು ಕೇಳುತ್ತಿದ್ದಳು. ಅವ್ವ ಬಲು ಗಂಭೀರವಾಗಿ, "ಹುಬ್ಬಳ್ಳ್ಯಾಗ ನಿಂತೈತಿ" ಎನ್ನುತ್ತಿದ್ದಳು.

ಅವಳು ಆ ಮನೆಗೆ ಹೋದದ್ದು ಹೇಗೆಂದು ಹೇಳಬೇಕು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿಯಿತು. ಆಪರೇಷನ್ ಆಯಿತು, ಆದರೆ ಕಾಲು ಮಾತು ಕೇಳಲಿಲ್ಲ. ನಾನು ಒಬ್ಬಳೇ ಮಗಳು. ಚಿಕ್ಕೇರೂರಿನ ನಮ್ಮ ಮನೆಯಲ್ಲಿ ಇರುವುದು ಒಂದೇ ಒಳಗೋಣೆ, ಅದರಲ್ಲಿ ನಮ್ಮತ್ತೆ ಲಕ್ವಾ ಹೊಡೆದು ಎರಡು ವರ್ಷದಿಂದ ಮಲಗಿದ್ದರು. ನಾನು ಹೊರಗೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡವಳು. ಮಷೀನು ತೆಗೆದು ಮಂಚ ಹಾಕುವುದೆಂದು ನಾನು, ನಮ್ಮ ಯಜಮಾನರು ಮಾತಾಡಿಕೊಂಡಿದ್ದೆವು. ಅವ್ವ ಆಸ್ಪತ್ರೆಯ ಹಾಸಿಗೆಯಿಂದಲೇ ತೀರ್ಪು ಕೊಟ್ಟಳು:

"ಇಬ್ರು ಬೀಗತೇರು ಒಂದ ಮನ್ಯಾಗ ಹಾಸಗಿ ಹಿಡದ್ರ, ಯಾರಿಗೆ ಮದಲ ಚಾ ಕೊಟ್ಟಿ ಅಂತ ದಿನಾ ಕದನ ಆಕ್ಕೇತಿ. ಅದರಾಗ ನಾ ಆಕಿಗಿಂತ ಮದಲ ಸತ್ರ ಆಕಿ ಗೆದ್ದಂಗ. ಬ್ಯಾಡವಾ, ನನ್ನ ಬ್ಯಾರೆ ಕಡೆ ಇಡು."

ವಾರ್ಡಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನನಗೆ ಅನುಕೂಲವಾಗಲೆಂದೇ ಅವಳು ಆ ಮಾತಾಡಿದಳೆಂದು ಗೊತ್ತಿದ್ದೂ ನಕ್ಕೆ.

ಎರಡನೆಯ ಮಳೆಗಾಲದಲ್ಲಿ ಆ ಮನೆಗೆ ಬರುವ ಡಾಕ್ಟರು ನನ್ನನ್ನು ಪಡಸಾಲೆಗೆ ಕರೆದು, "ತಾಯಾರ ಹಾರ್ಟ್ ದಣದೈತ್ರಿ. ಬಂದ ಹೋಗಿ ಮಾಡ್ತಿರ್ರಿ. ಮುಂದಿನ ಯುಗಾದಿ ಮಾತ ನಾ ಆಡೂದಿಲ್ಲ" ಎಂದರು. ಬಂದು ಹೋಗಿ ಮಾಡಲು ನನಗಿದ್ದದ್ದು ಬುಧವಾರ ಒಂದೇ. ಅಂದು ನಮ್ಮ ಯಜಮಾನರ ಅಕ್ಕ ಹಿರೇಕೆರೂರಿನಿಂದ ಬಂದು ಅತ್ತೆಯ ಹತ್ತಿರ ಕೂರುತ್ತಿದ್ದರು. ಸಂಜೆ ಅವರು ವಾಪಸು ಹೋಗಬೇಕು. ಅವರ ಬಸ್ಸು ತಪ್ಪಿದರೆ ನನ್ನ ಗತಿ ಏನೆಂದು ಕೇಳಬೇಡಿ. ಒಟ್ಟಿನಲ್ಲಿ ಹನ್ನೊಂದರಿಂದ ನಾಲ್ಕೂವರೆ. ವಾರಕ್ಕೆ ಐದೂವರೆ ಗಂಟೆ ಅವ್ವ. ಅದರಲ್ಲೂ ಅವಳು ಹನ್ನೊಂದಕ್ಕೇ "ಹೋಗು" ಎಂದು ಶುರು ಮಾಡಿದರೆ ನಾನೇನು ಮಾಡಲಿ?

ಆದರೆ ನಮ್ಮವ್ವನ ಬಾಯಿಗೂ ಕೈಗೂ ಸಂಬಂಧವಿರಲಿಲ್ಲ. ಬಾಯಿ ಹೋಗು ಅನ್ನುತ್ತಿತ್ತು. ಕೈ ಬಿಡುತ್ತಿರಲಿಲ್ಲ.

ನಮ್ಮ ಕಡೆ ತವರಿನಿಂದ ಹೊರಟ ಮಗಳನ್ನು ಬರಿ ಉಡಿಯಲ್ಲಿ ಕಳಿಸುವ ಪದ್ಧತಿ ಇಲ್ಲ. ಸೆರಗು ಒಡ್ಡಿಸಿ ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಎಲೆ ಅಡಿಕೆ, ಒಂದು ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ, ಹಾಕಿ ಉಡಿ ತುಂಬಬೇಕು. ಅದು ಆಗುವ ತನಕ ಮಗಳು ಹೊಸ್ತಿಲು ದಾಟುವಂತಿಲ್ಲ. ಅವ್ವನ ತವರುಮನೆ ಹೋಗಿತ್ತು, ಯಲವಿಗಿಯ ಬಾಡಿಗೆ ಮನೆ ಬಿಟ್ಟುಕೊಟ್ಟಾಗಿತ್ತು. ಈಗ ನನ್ನ ತವರು ಎಂದರೆ ಆರಡಿ ಉದ್ದ ಮೂರಡಿ ಅಗಲದ ಒಂದು ಕಬ್ಬಿಣದ ಮಂಚ. ಆ ಮಂಚದಿಂದಲೂ ಬರಿ ಉಡಿಯಲ್ಲಿ ಕಳಿಸುವುದಿಲ್ಲವೆಂದು ಅವ್ವ ಹಟ ಹಿಡಿದಳು.

ಅಕ್ಕಿ ಎಲ್ಲಿಂದ ಬರಬೇಕು? ಅವ್ವ ಅಲ್ಲಿನ ಅಡುಗೆಮನೆಯ ಅಕ್ಕಿ ಹಸನು ಮಾಡಿಕೊಡುತ್ತೇನೆಂದು ಮುಂದೆ ಬಂದಳು. "ಅಜ್ಜಿಗೆ ಪಾಪ, ಹೊತ್ತು ಹೋಗಲಿ" ಎಂದು ಅಲ್ಲಿನ ಮೇಡಂ ಒಪ್ಪಿದರು. ಅವ್ವ ಮಂಚಕ್ಕೊರಗಿ ಮೊರದಲ್ಲಿ ಅಕ್ಕಿ ಕೇರಿ, ಹಳ್ಳು ಆರಿಸಿ, ವಾರಕ್ಕೆ ಐದು ಹಿಡಿಯನ್ನು ದಿಂಬಿನ ಚೀಲದೊಳಗೆ ಸೇರಿಸುತ್ತಿದ್ದಳು. ಒಂದು ದಿನ ಮೇಡಂ ಬಂದು ಕೇಳಿದರು:

"ಅಜ್ಜೀ, ನೀವು ಹಸನ ಮಾಡಿದ ಮ್ಯಾಲೆ ಅಕ್ಕಿ ಯಾಕ ಕಡಿಮಿ ಆಕ್ಕೇತಿ?"

"ನಿಮ್ಮ ಅಂಗಡಿಯಂವ ಭಾಳ ಹಳ್ಳು ಹಾಕ್ತಾನ್ರೀ ಮೇಡಂ. ಅಂಗಡಿ ಬದಲ ಮಾಡ್ರಿ."

ಮೇಡಂ ನಿಜವಾಗಿಯೂ ಅಂಗಡಿ ಬದಲು ಮಾಡಿದರು!

ಕುಬಸದ ಕಣದ ಕಥೆ ಇನ್ನೊಂದು. ಅವಳ ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ ಕಣ, ಕೆಂಪು ಬಣ್ಣದ್ದು, ಹಸಿರು ಅಂಚು. ಅದನ್ನೇ ಪ್ರತಿ ಬುಧವಾರ ನನ್ನ ಉಡಿಗೆ ಹಾಕುವುದು, "ಬರೋ ವಾರ ಹೊಳ್ಳಿ ತಗೊಂಡ ಬಾ, ಮರತೀ ಮತ್ತ" ಎಂದು ತಾಕೀತು ಮಾಡುವುದು. ನಾನು ಊರಿನ ಅರ್ಧ ಹೆಂಗಸರಿಗೆ ಕುಬಸ ಹೊಲಿದುಕೊಟ್ಟವಳು. ಆ ಒಂದು ಕಣಕ್ಕೆ ಮಾತ್ರ ಕತ್ತರಿ ಹಾಕುವ ಭಾಗ್ಯ ನನಗೆ ಬರಲಿಲ್ಲ. "ಕೊಟ್ಟಿದ್ದನ್ನ ಹೊಳ್ಳಿ ಕೇಳೂದು ಯಾ ಊರಿನ ಪದ್ಧತಿಬೇ?" ಎಂದರೆ, "ಕೇಳಲಿಲ್ಲಂದ್ರ ನೀ ಹೊಳ್ಳಿ ಬರೂದ ಹೆಂಗ?" ಎಂದಳು. ನಾನು ಇದನ್ನೂ ತಮಾಷೆ ಎಂದೇ ತಿಳಿದೆ.

ಅಕ್ಕಿ ಆಯಿತು, ಕಣ ಆಯಿತು. ತುಂಬುವವರು ಯಾರು? ಇಲ್ಲೇ ಇತ್ತು ನೋಡಿ ದೊಡ್ಡ ತೊಡಕು. ಉಡಿ ತುಂಬುವವಳು ಮುತ್ತೈದೆಯಾಗಿರಬೇಕು. ನಮ್ಮಪ್ಪ ತೀರಿ ಒಂಬತ್ತು ವರ್ಷವಾಗಿತ್ತು. ಅಂದಿನಿಂದ ಅವ್ವ ನನ್ನ ಉಡಿಗೆ ಕೈ ಹಚ್ಚಿರಲಿಲ್ಲ. ಯಲವಿಗಿಯಲ್ಲಿದ್ದಾಗ ನಾನು ಹೊರಡುವ ದಿನ ಅವಳು ತಟ್ಟೆಯಲ್ಲಿ ಎಲ್ಲವನ್ನೂ ಜೋಡಿಸಿ, ಪಕ್ಕದ ಮನೆಯವರನ್ನು ಕರೆದು, ತಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಬಾಗಿಲಿಗೆ ಒಂದು ಹಳೆಯ ಸೀರೆಯ ಪರದೆ ಇತ್ತು. ಪಕ್ಕದ ಮನೆಯವರು ನನ್ನ ಸೆರಗಿಗೆ ಅಕ್ಕಿ ಹಾಕುವಾಗ ಪರದೆಯ ಕೆಳಗೆ ಅವ್ವನ ಎರಡು ಪಾದ ಕಾಣುತ್ತಿದ್ದವು. "ನೀನ ತುಂಬಬೇ, ನನಗೇನೂ ಆಗೂದಿಲ್ಲ" ಎಂದು ಎಷ್ಟೋ ಸಲ ಹೇಳಿದೆ. "ಬಾಯಿ ಮುಚ್ಚು. ನನ್ನ ಹಣೇಬಾರ ನಿನ್ನ ಉಡ್ಯಾಗ ಬೀಳಬೇಕೇನು?" ಎನ್ನುತ್ತಿದ್ದಳು.

ಹಾನಗಲ್ಲಿನ ಆ ಮನೆಯಲ್ಲಿ ಅವ್ವ ಮುತ್ತೈದೆಯ ಹುಡುಕಾಟಕ್ಕೆ ಇಳಿದಳು. ಹಾಲ್‌ನಲ್ಲಿ ಒಂಬತ್ತು ಮಂಚ, ಎಂಟರಲ್ಲಿ ವಿಧವೆಯರು. ಮೇಡಂ ತಮ್ಮ ಗಂಡ ಹೋದ ಮೇಲೆಯೇ ಆ ಮನೆ ತೆರೆದವರು. ಸಿಸ್ಟರಿಗೆ ಮದುವೆಯಾಗಿಲ್ಲ. ಆಯಾಳನ್ನು ಗಂಡ ಬಿಟ್ಟು ಹೋಗಿದ್ದ. "ಆಯಾಗ ಗಂಡ ಅದಾನಲ್ಲಬೇ?" ಎಂದೆ. "ಎಲ್ಲಿ ಅದಾನ? ಇದ್ದಾನೋ ಇಲ್ಲೋ ಯಾರ ಕಂಡಾರ? ಇಂಥಾ ಸಂಶೇದ ಮುತ್ತೈದಿತನ ನನಗ ಬ್ಯಾಡ" ಎಂದು ತಳ್ಳಿ ಹಾಕಿದಳು.

ಉಳಿದದ್ದು ಒಂಬತ್ತನೆಯ ಮಂಚ, ಅವ್ವನ ಪಕ್ಕದ್ದೇ. ಅಲ್ಲಿದ್ದವರು ಸವಣೂರಿನ ಒಬ್ಬ ಮುಸ್ಲಿಂ ಹೆಂಗಸು. ನಾವೆಲ್ಲ ಅವರನ್ನು ಖಾಲಾ ಎನ್ನುತ್ತಿದ್ದೆವು, ಅವ್ವ ಮಾತ್ರ ಬೂಬಮ್ಮ ಎನ್ನುತ್ತಿದ್ದಳು. ಅವರ ಗಂಡ ಚಾಚಾ ಗೋಡೆಯ ಆಚೆಗೆ, ಗಂಡಸರ ಹಾಲ್‌ನಲ್ಲಿದ್ದರು. ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡಿದವರು. ಗಂಡ ಹೆಂಡಿರಿಗೆ ಹನ್ನೆರಡು ವರ್ಷದಿಂದ ಮಾತಿರಲಿಲ್ಲ. ಕಾರಣ ಏನು ಗೊತ್ತೇ? ಫ್ಯಾನು. ಅವರಿಗೆ ಫ್ಯಾನು ಬೇಕು, ಇವರಿಗೆ ಬೇಡ!

"ಏ ಬೂಬಮ್ಮಾ, ನಿನ್ನ ಗಂಡ ಅದಾನಲ್ಲ?" ಎಂದು ಅವ್ವ ಕೇಳಿದಳು.

"ಅದಾನ. ಸುಮ್ಮನ ಅದಾನ."

"ಸುಮ್ಮನ ಇದ್ರೂ ನಡೀತೈತಿ. ಬಾ, ನನ್ನ ಮಗಳ ಉಡಿ ತುಂಬು."

"ಅರೇ ಅಕ್ಕಾ! ನಾ ಮುಸಲ್ಮಾನರಾಕಿ."

"ನಾ ನಿನ್ನ ಜಾತಿ ಕೇಳೇನೇನು? ಗಂಡನ್ನ ಕೇಳೇನಿ."

ಖಾಲಾ ನಕ್ಕು ನಕ್ಕು ಕೆಮ್ಮಿದರು. ಕೊನೆಗೆ ಬಂದರು. ಮೊದಲ ಸಲ ಎರಡು ಕೈಯಲ್ಲಿ ಬಾಚಿ ಬಾಚಿ ಅಕ್ಕಿ ಹಾಕಿದರು. "ಐದ! ಐದ ಹಿಡಿ! ಅದೇನ ರೇಷನ್ ಅಂಗಡಿಯೇನ?" ಎಂದು ಅವ್ವ ಬೊಬ್ಬೆ ಹಾಕಿದಳು. ಎರಡು ತಿಂಗಳಲ್ಲಿ ಖಾಲಾ ನಮ್ಮ ಓಣಿಯ ಯಾವ ಮುತ್ತೈದೆಗೂ ಕಡಿಮೆಯಿಲ್ಲದಂತೆ ಕಲಿತರು. ತಪ್ಪಿದರೆ ಅವ್ವ ಬಿಡುತ್ತಿರಲಿಲ್ಲ.

ಇನ್ನು ಅವ್ವನ ಎಚ್ಚರಿಕೆ ಎಂಥದ್ದು ಅಂತೀರಿ! ಬುಧವಾರ ಮೂರು ಗಂಟೆಗೆ, ಉಡಿ ತುಂಬುವ ಮೊದಲು, ಆಯಾಳನ್ನು ಕರೆದು, "ಚಾಚಾ ಚಾ ಕುಡದಾನೇನ ನೋಡಿ ಬಾ" ಎನ್ನುತ್ತಿದ್ದಳು.

"ನೋಡೂದೇನೈತಿ? ಮುಂಜಾನೆ ಕೆಮ್ಮಿದ್ದ ನಾ ಕೇಳೇನಿ" ಎಂದು ಖಾಲಾ ಸಿಡುಕುತ್ತಿದ್ದರು.

"ಕೆಮ್ಮಿದ್ದ ಮುಂಜಾನೆ. ಈಗ ಮೂರು."

ಈ ಸುದ್ದಿ ಗೋಡೆ ದಾಟಿ ಚಾಚಾಗೆ ಹೋಯಿತು. ಮುಂದಿನ ಬುಧವಾರದಿಂದ ಅವರೇ ಸರಿಯಾಗಿ ಮೂರಕ್ಕೆ ಆ ಕಡೆಯಿಂದ ಕೂಗತೊಡಗಿದರು: "ನಾ ಇನ್ನೂ ಅದೀನ್ರೀ ಅಕ್ಕಾರ! ತುಂಬ್ರಿ ಉಡಿ!" ಜೊತೆಗೆ ಆಯಾಳ ಕೈಯಲ್ಲಿ ಎರಡು ಸವಣೂರು ಎಲೆ ಕಳಿಸುತ್ತಿದ್ದರು. ಇಡೀ ಹಾಲ್ ನಗುತ್ತಿತ್ತು. ಖಾಲಾ ನಗುತ್ತಿರಲಿಲ್ಲ. ಆದರೆ ಮೂರಕ್ಕೆ ಐದು ನಿಮಿಷ ಇರುವಾಗಲೇ ಅವರ ಮಾತು ನಿಲ್ಲುತ್ತಿದ್ದುದನ್ನು, ಮುಖ ಗೋಡೆಯ ಕಡೆ ತಿರುಗುತ್ತಿದ್ದುದನ್ನು ನಾನು ನೋಡಿದ್ದೇನೆ.

ಇಷ್ಟೆಲ್ಲ ಸಿದ್ಧವಾದ ಮೇಲಾದರೂ ಉಡಿ ತುಂಬಿ ಕಳಿಸಬೇಕಲ್ಲ? ಇಲ್ಲ. ಅವ್ವನಿಗೆ ಆಗ ಅರಿಶಿನ ಬೇರು ಸಿಗುತ್ತಿರಲಿಲ್ಲ. ಅದು ಸಿಕ್ಕರೆ, ಕೊಬ್ಬರಿ ಒಡೆದಿದೆ, ಬೇರೆ ತರಿಸಬೇಕು. ಅದೂ ಆದರೆ, "ಈಗ ಹೊತ್ತು ಚಲೋ ಇಲ್ಲ, ಹತ್ತ ನಿಮಿಷ ತಡಿ." ಅಷ್ಟರಲ್ಲಿ ಖಾಲಾ ನಮಾಜಿಗೆ ಚಾಪೆ ಹಾಸುತ್ತಿದ್ದರು. "ಈಗ ಆಕಿನ ಹೆಂಗ ಎಬ್ಬಸೂದು? ದೇವರ ಕೆಲಸ" ಎಂದು ಅವ್ವ ಕೈ ಚೆಲ್ಲುತ್ತಿದ್ದಳು. ನಾಲ್ಕೂವರೆಯ ಬಸ್ಸು ಹೋಗಿರುತ್ತಿತ್ತು, ಮುಂದಿನ ಬಸ್ಸೇ ಗತಿ. ಬಾಯಿಯಲ್ಲಿ ಮಾತ್ರ ಅದೇ: "ಹೊತ್ತಾತು, ಹೊತ್ತಾತು, ಇನ್ನೂ ಕುಂತೀಯಲ್ಲ!"

ಒಂದು ಬುಧವಾರ ಹೀಗೇ ಆಯಿತು. ನಾಲ್ಕೂಕಾಲು. ಯಜಮಾನರ ಅಕ್ಕ ಎರಡು ಸಲ ಫೋನು ಮಾಡಿದ್ದರು. ಹೊಲಿದು ಕೊಡಬೇಕಾದ ಬಟ್ಟೆ ರಾಶಿ ಬಿದ್ದಿತ್ತು. ಅವ್ವ ಅರಿಶಿನ ಬೇರು ಎಲ್ಲಿಟ್ಟೆನೆಂದು ದಿಂಬು ತಡವುತ್ತಿದ್ದಳು. ನನಗೆ ಎಲ್ಲಿತ್ತೋ ಸಿಟ್ಟು!

"ನಿನ್ನ ಐದ ಹಿಡಿ ಅಕ್ಕಿ ಸಲುವಾಗಿ ನಾ ವಾರ ವಾರ ಬೈಸ್ಕೋಬೇಕೇನಬೇ? ನನಗ ಬ್ಯಾಡ ನಿನ್ನ ಉಡಿ" ಎಂದು ಬ್ಯಾಗು ಎತ್ತಿಕೊಂಡು ಹೊರಟುಬಿಟ್ಟೆ. ಹಿಂದಿನಿಂದ ಅವ್ವ ಕರೆಯಲಿಲ್ಲ. ಬಸ್ಸು ಸಿಕ್ಕಿತು. ಕೂರಲು ಸೀಟೂ ಸಿಕ್ಕಿತು. ತಿಳವಳ್ಳಿ ಬಂದಾಗ ನನ್ನ ಮಡಿಲು ನೋಡಿಕೊಂಡೆ, ಬರಿದಾಗಿತ್ತು. ಹಾಗಾದದ್ದು ಮದುವೆಯಾದ ಮೇಲೆ ಅದೇ ಮೊದಲು.

ಮುಂದಿನ ಬುಧವಾರ ಹನ್ನೊಂದಕ್ಕೆ ಹೋದೆ. ತಟ್ಟೆ ಆಗಲೇ ಸಿದ್ಧವಾಗಿತ್ತು. ಅರಿಶಿನ ಬೇರು ಇತ್ತು, ಕೊಬ್ಬರಿ ಒಡೆದಿರಲಿಲ್ಲ, ಖಾಲಾ ಕೈ ತೊಳೆದುಕೊಂಡು ಕಾದಿದ್ದರು. ನಾನು ಕೂರುವ ಮೊದಲೇ ಉಡಿ ತುಂಬಿಸಿದರು. ಹನ್ನೊಂದೂ ಕಾಲಿಗೆ ಎಲ್ಲ ಮುಗಿದಿತ್ತು.

"ಆತವಾ. ಇನ್ನ ನಿನ್ನ ಹೊತ್ತಿಗೆ ನೀ ಹೋಗಾಕ ಅಡ್ಡಿಯಿಲ್ಲ" ಎಂದಳು ಅವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನನ್ನ ಮುಂದೆ ಐದು ಗಂಟೆ ಇತ್ತು, ಅವುಗಳನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಅವ್ವ ಏನನ್ನೂ ಹುಡುಕಲಿಲ್ಲ, ಯಾವುದಕ್ಕೂ ತಡ ಮಾಡಲಿಲ್ಲ. ಒಂದು ಗಂಟೆಯ ಬಸ್ಸಿಗೆ "ಹೋಗಿ ಬಾ" ಎಂದಳು. ಹೋದೆ. ಯಜಮಾನರ ಅಕ್ಕ, "ಇವತ್ತ ಎಷ್ಟ ಲಗೂ ಬಂದಿ!" ಎಂದು ಸಂತೋಷಪಟ್ಟರು. ನಾನು ಮಷೀನಿನ ಮುಂದೆ ಕುಳಿತು, ದಾರವಿಲ್ಲದ ಸೂಜಿಯಲ್ಲಿ ಒಂದು ಇಡೀ ತೋಳನ್ನು ಹೊಲಿದು ಮುಗಿಸಿದೆ.

ಅಲ್ಲಿಂದ ಮುಂದೆ ನೆಪ ಹುಡುಕುವ ಕೆಲಸ ನನ್ನದಾಯಿತು. ತಟ್ಟೆ ತಂದರೆ, "ಊಟ ಆಗಲಿಬೇ" ಎನ್ನುತ್ತಿದ್ದೆ. ಊಟ ಆದರೆ, "ಕೊಬ್ಬರಿ ಸಣ್ಣದಾತು, ಪ್ಯಾಟಿಗೆ ಹೋಗಿ ತರ್ತೇನಿ" ಎನ್ನುತ್ತಿದ್ದೆ. ಒಂದು ದಿನ ನಾನೇ ಅರಿಶಿನ ಬೇರನ್ನು ತೆಗೆದು ಬ್ಯಾಗಿನಲ್ಲಿ ಬಚ್ಚಿಟ್ಟೆ. ಅವ್ವ ಎಲ್ಲ ಕಡೆ ಹುಡುಕಿದಳು, ಆಮೇಲೆ ನನ್ನ ಮುಖ ನೋಡಿದಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕು, "ಕಳ್ಳರ ಮನಿತನ ನಮ್ಮದು" ಎಂದಳು. ಆ ಐದಾರು ಬುಧವಾರಗಳು ನನ್ನ ಜೀವನದಲ್ಲಿ ನಿಜವಾಗಿ ಕೈಗೆ ಸಿಕ್ಕವು. ಉಳಿದವುಗಳಲ್ಲಿ ನಾನು ಬರಿ ಬಸ್ಸು ಕಾದೆ.

ಆಮೇಲೆ ಒಂದು ಸೋಮವಾರ ಚಾಚಾ ಹೋದರು. ಮಲಗಿದಲ್ಲೇ.

ಆ ವಾರ ನಾನು ಹೋದಾಗ ಖಾಲಾ ಬಿಳಿ ಸೆರಗು ಹೊದ್ದು ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಕೈಯಲ್ಲಿ ಬಳೆ ಇರಲಿಲ್ಲ. ಅವ್ವನೂ ಬಹಳ ಇಳಿದುಹೋಗಿದ್ದಳು. ಎರಡು ಮಾತಾಡಿದರೆ ಉಸಿರು ಸಾಲುತ್ತಿರಲಿಲ್ಲ. ಅವಳು ಗಾಡಿಯ ಸುದ್ದಿ ಎತ್ತಲಿಲ್ಲ, "ಹೋಗು" ಎನ್ನಲಿಲ್ಲ. ಮೂರು ಗಂಟೆಯಾಯಿತು. ಆ ಕಡೆಯಿಂದ ಕೂಗು ಬರಲಿಲ್ಲ. ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ಒಂಬತ್ತೂ ಜನ ಗೋಡೆಯ ಕಡೆ ನೋಡಿದರು.

ಆ ಬುಧವಾರದ ನಂತರ ಐದನೆಯ ದಿನಕ್ಕೆ ಅವ್ವನೂ ಹೋದಳು. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಲು ನನಗೆ ಮನಸ್ಸಿಲ್ಲ.

ಆ ಬುಧವಾರ ನಾಲ್ಕು ಗಂಟೆಗೆ ನಾನೇ, "ಇವತ್ತ ಉಡಿ ಇರಲಿ ಬಿಡಬೇ" ಎಂದೆ.

"ಹಂಗ ಹೆಂಗ ಬಿಡಾಕ ಬರತೈತಿ?" ಎಂದು ಅವ್ವ ಕತ್ತು ಹೊರಳಿಸಿದಳು. "ಬೂಬಮ್ಮಾ, ಬಾ. ತುಂಬು."

ಖಾಲಾ ತಿರುಗಲಿಲ್ಲ. "ಬ್ಯಾಡ ಅಕ್ಕಾ. ನನ್ನ ಕೈ ಈಗ ಚಲೋ ಅಲ್ಲ. ಬೇಟಿಗೆ ಕೆಟ್ಟ ಆಕ್ಕೇತಿ."

ಅವರಿಗೆ ಇದನ್ನು ಯಾರು ಕಲಿಸಿದರು? ಅವರ ಮನೆಯಲ್ಲಿ ಉಡಿಯ ಪದ್ಧತಿಯೇ ಇರಲಿಲ್ಲ. ವಾರ ವಾರ ಆಯಾಳನ್ನು ಗೋಡೆಯ ಆಚೆ ಕಳಿಸಿ ಕಲಿಸಿದವಳು ನಮ್ಮವ್ವನೇ. ಅದು ಅವ್ವನಿಗೂ ಹೊಳೆದಿರಬೇಕು. ಒಮ್ಮೆಲೇ, ಇದ್ದಬದ್ದ ಉಸಿರೆಲ್ಲ ಸೇರಿಸಿ ಬೈದಳು:

"ಏನಾಗೇತಿ ನಿನ್ನ ಕೈಗೆ? ಗಂಡ ಸತ್ರ ಕೈ ಸಾಯ್ತಾವೇನ?"

ಮೂಲೆಯ ಮಂಚದ ಅಜ್ಜಿ, ಛಾವಣಿ ನೋಡುತ್ತ ಮಲಗಿದ್ದವಳು, ನಿಧಾನವಾಗಿ ಹೇಳಿದಳು: "ಅದನ್ನ ನಿನಗ ನೀ ಹೇಳ್ಕೊಳವಾ."

ಅವ್ವ ಹೊದಿಕೆಯ ಮೇಲಿದ್ದ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು, ಯಾರದೋ ಕೈ ಎಂಬಂತೆ. ಕೊನೆಗೆ, "ನನ್ನ ಎಬ್ಬಿಸಿ ಕುಂದ್ರಸು" ಎಂದಳು.

ನಾನು ದಿಂಬು ಕೊಟ್ಟು ಕೂರಿಸಿದೆ. ಮಂಚದ ಪಕ್ಕ ನೆಲದ ಮೇಲೆ ಮಂಡಿಯೂರಿ ಸೆರಗು ಒಡ್ಡಿದೆ. ಅವಳು ತಟ್ಟೆಗೆ ಕೈ ಹಾಕಿ ಅಕ್ಕಿ ಹಿಡಿದಳು. ಅರ್ಧ ಅಕ್ಕಿ ಹಾಸಿಗೆಗೆ ಬಿತ್ತು, ಅರ್ಧ ನನ್ನ ಸೆರಗಿಗೆ. ಒಂಬತ್ತು ವರ್ಷದ ಮೇಲೆ. ಎರಡನೆಯ ಹಿಡಿಗೆ ಅವಳಿಗೆ ಏದುಸಿರು ಬಂತು. ಖಾಲಾ ಯಾವಾಗ ಎದ್ದು ಬಂದರೋ ನಾನು ನೋಡಲಿಲ್ಲ. ಬಳೆಯಿಲ್ಲದ ಅವರ ಕೈ ಅವ್ವನ ಕೈಯ ಕೆಳಗೆ ಬಂತು. ಮೂರು, ನಾಲ್ಕು, ಐದು ಹಿಡಿಗಳನ್ನು ಇಬ್ಬರೂ ಸೇರಿ ಹಾಕಿದರು. ಎಲೆ ಇರಲಿಲ್ಲ.

"ಏಳು. ತುಂಬಿದ ಉಡೀಲೆ ಕುಂದ್ರಬಾರದು" ಎಂದಳು ಅವ್ವ.

ನಾನು ಏಳಲಿಲ್ಲ. ಕುಳಿತಲ್ಲಿಂದಲೇ ಮನೆಗೆ ಫೋನು ಮಾಡಿದೆ. "ಅಕ್ಕಾರ, ಇವತ್ತ ನಾ ಬರೂದಿಲ್ಲ. ಒಂದಿನ ಅತ್ತಿ ಹತ್ರ ನೀವ ಇರ್ರಿ" ಎಂದೆ. ಬೈಗುಳಕ್ಕೆ ತಯಾರಾಗಿದ್ದೆ. "ಹೂಂ. ಇರ್ತೇನಿ. ನೀ ಅಲ್ಲೇ ಇರು" ಎಂದರು. ಇಷ್ಟು ಸುಲಭವಿತ್ತು. ಒಂದೂವರೆ ವರ್ಷ ನಾನು ಕೇಳಿರಲೇ ಇಲ್ಲ.

"ಎಂಥಾ ಮಗಳವಾ ಇದು! ಹೇಳಿದ ಮಾತ ಕೇಳೂದಿಲ್ಲ" ಎಂದು ಅವ್ವ ಖಾಲಾಗೆ ದೂರಿದಳು. ಖಾಲಾ ಕಣ್ಣೊರೆಸಿಕೊಂಡು, "ನಿನ್ನ ಮಗಳ ಅಲ್ಲೇನ ಮತ್ತ" ಎಂದರು.

ಆಮೇಲೆ ಅವ್ವ ಒಂದು ಕೆಲಸ ಮಾಡಿದಳು. ಮೊಣಕೈ ಊರಿ, ಹಲ್ಲಿಲ್ಲದ ದವಡೆ ಕಚ್ಚಿ, ಗೋಡೆಯ ಕಡೆ ಸರಿಯತೊಡಗಿದಳು. ಸೊಂಟ ಮುರಿದವಳು. ಮಗ್ಗಲು ಬದಲಿಸಲು ಇಬ್ಬರು ಬೇಕಾಗುತ್ತಿತ್ತು. ಹಿಡಿಯಲು ಹೋದರೆ ಕೈ ತಳ್ಳಿದಳು. ತಾನೇ ಸರಿದಳು, ಒಂದು ಗೇಣು.

"ನೆಲ ತಂಪೈತಿ. ಮ್ಯಾಲ ಬಾ" ಎಂದಳು.

ಉಡಿಯ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಒಂದು ಗೇಣಿನಲ್ಲಿ ಮಲಗಿದೆ. ಹೊರಗೆ ಇನ್ನೂ ಬಿಸಿಲಿತ್ತು. ಚಾದರ ಇಬ್ಬರಿಗೆ ಸಾಲುತ್ತಿರಲಿಲ್ಲ. ಅವ್ವ ತನ್ನ ಮೇಲಿದ್ದುದನ್ನು ಸ್ವಲ್ಪ ಸ್ವಲ್ಪವೇ ಎಳೆದು ನನ್ನ ಕಾಲಿಗೆ ಹಾಕಿದಳು.